ಅಕ್ಕಾರ್ನ ಕೇಳ್ರಿ: ಮಿರ್ಚಿ, ಗೋಬಿ, ಹೋಳಿಗಿ ಮನ್ಯಾಗ ಹಗರ ಮಾಡೋದು ಹೆಂಗ?

ಹೋದ ಸಂಚಿಕ್ಯಾಗ "ನಿಮ್ಮ ಮನಿ ಮಂದಿ ಯಾವ ತಿಂಡಿ ಬಿಡಾಕ ಒಲ್ಲೆ ಅಂತಾರ, ಅದನ್ನ ಮನ್ಯಾಗ ಸ್ವಲ್ಪ ಹಗರ ಮಾಡೋದು ಹೆಂಗ ಅಂತ ಬರದು ಕೇಳ್ರಿ" ಅಂದಿದ್ವಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯಿಂದನ ಜಾಸ್ತಿ ಪತ್ರ ಬಂದಾವ. ಉತ್ತರಕ್ಕ ಹೋಗೋಕಿಂತ ಮದ್ಲ ಒಂದು ಮಾತು. ಮನ್ಯಾಗ ಮಾಡಿದ್ದೆಲ್ಲಾ ಆರೋಗ್ಯಕ್ಕ ಚಲೋನ ಅಂತ ತಿಳಕೋಬ್ಯಾಡ್ರಿ, ಮನಿ ಒಲಿ ಮ್ಯಾಲೆ ಕರಿದ್ರೂ ಎಣ್ಣಿ ಎಣ್ಣಿನ, ಸಕ್ರಿ ಸಕ್ರಿನ. ಮನ್ಯಾಗ ಮಾಡೋದ್ರ ಲಾಭ ಏನಂದ್ರ ಚಮಚ ನಿಮ್ಮ ಕೈಯಾಗ ಇರ್ತೈತಿ, ಏನು ಬಿತ್ತು ಎಷ್ಟು ಬಿತ್ತು ಅನ್ನೋದು ಕಣ್ಣಿಗೆ ಕಾಣ್ತೈತಿ. ಆ ಲಾಭ ತಗೊಳ್ಳಾಕಂತನ ಕೆಳಗಿನ ಉತ್ತರದಾಗ ಅಳತಿ ಜಾಸ್ತಿ ಹೇಳೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಪ್ರಶ್ನೆ: ಅಕ್ಕಾರ, ನಮ್ಮ ಮನಿಯವ್ರಿಗೆ ಬಿಪಿ ಗುಳಿಗಿ ನಡದಾವ, ಮೊನ್ನೆ ರಕ್ತ ಚೆಕ್ ಮಾಡಿಸಿದ್ರ ಕೊಲೆಸ್ಟ್ರಾಲೂ ಜಾಸ್ತಿ ಬಂತು. ಡಾಕ್ಟ್ರು ಕರಿದಿದ್ದು ಕಡಿಮಿ ಮಾಡ್ರಿ, ಉಪ್ಪು ಕಡಿಮಿ ಮಾಡ್ರಿ ಅಂದಾರ. ಇವ್ರಿಗೆ ಐತವಾರ ಮುಂಜಾನೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬೇಕಾಬೇಕು, ನಾ ಮಾಡಲಿಲ್ಲಂದ್ರ ಸೀದಾ ಹೊಟೇಲಿಗೆ ಹೋಗಿ ತಿಂದು ಬರ್ತಾರ. ಏನ್ ಮಾಡ್ಲಿ?
– ಗೃಹಿಣಿ, ಕೊಪ್ಪಳ

ಉತ್ತರ: ತಂಗಿ, ನಮ್ಮೂರಾಗ ಗವಿಮಠದ ಜಾತ್ರಿ ದಾಸೋಹಕ್ಕೂ ಲಕ್ಷಗಟ್ಲೆ ಮಿರ್ಚಿ ಕರಿತಾರ, ಅಂಥಾ ಊರಿನ ಮನಶ್ಯಾಗ ಮಿರ್ಚಿ ಪೂರಾ ಬಿಡು ಅಂದ್ರ ನಡಿಯೂ ಮಾತಲ್ಲ. ಬಿಡಸಾಕ ಹೋದ್ರ ಹೊಟೇಲಿನ ದಾರಿ ಹಿಡಿತಾರ, ಅಲ್ಲಿ ಆ ಎಣ್ಣಿ ಎಷ್ಟು ಸಲ ಕಾದಿರ್ತೈತಿ ಅನ್ನೋದು ನಿನಗೂ ಗೊತ್ತಾಗಂಗಿಲ್ಲ, ಅವ್ರಿಗೂ ಗೊತ್ತಾಗಂಗಿಲ್ಲ. ಹಂಗಾಗಿ ಮನ್ಯಾಗನ ಮಾಡು, ಆದ್ರ ಮಾಡೋ ರೀತಿ ಬದಲಿ ಮಾಡು.

ಮದ್ಲ ಒಗ್ಗರಣಿ ಹೇಳ್ತೀನಿ, ಯಾಕಂದ್ರ ಎಲ್ಲಾರೂ ಮಿರ್ಚಿನ ಬೈತಾರ, ಮಂಡಕ್ಕಿ ಒಗ್ಗರಣ್ಯಾಗ ಬೀಳೋ ಎಣ್ಣಿ ಕಡೆ ಯಾರೂ ನೋಡಂಗಿಲ್ಲ. ಎಣ್ಣಿ ಡಬ್ಬಿ ಬಗ್ಗಿಸಿ ಬಾಣಲಿಗೆ ಸುರಿಯೋ ರೂಢಿ ಇವತ್ತಿಂದನ ಬಿಡು, ಊಟದ ದೊಡ್ಡ ಚಮಚಲೆ ಅಳದು ಹಾಕು. ಒಂದು ದೊಡ್ಡ ಚಮಚ ಎಣ್ಣಿ ಅಂದ್ರ 13-14 ಗ್ರಾಂ, ಅಂದ್ರ ಹತ್ರಹತ್ರ 120 ಕ್ಯಾಲರಿ. ಶೇಂಗಾ ಎಣ್ಣಿ ಆಗ್ಲಿ ಸೂರ್ಯಕಾಂತಿ ಎಣ್ಣಿ ಆಗ್ಲಿ ಲೆಕ್ಕ ಅಷ್ಟ. ನಾಕು ಮಂದಿಗೆ ಎರಡು ಚಮಚ ಸಾಕು. ಸಾಲಂಗಿಲ್ಲ ಅಂತ ಅನಸ್ತೈತಿ, ಆದ್ರ ಉಳ್ಳಾಗಡ್ಡಿ ಹಾಕಿದ ಕೂಡ್ಲೆ ಚಿಟಿಕಿ ಉಪ್ಪು ಉದುರಿಸಿ ಮುಚ್ಚಿ ಇಡು, ಅದು ತನ್ನ ನೀರಾಗ ತಾನ ಬೇಯ್ತೈತಿ, ಆಮ್ಯಾಲೆ ಟೊಮೆಟೊ ಜಾಸ್ತಿ ಹಾಕು, ಎಣ್ಣಿ ಮಾಡೋ ಕೆಲಸ ಅರ್ಧ ಟೊಮೆಟೊ ರಸಾನ ಮಾಡ್ತೈತಿ. ಶೇಂಗಾಕಾಳನ್ನ ಎಣ್ಣ್ಯಾಗ ಹುರಿಯೋದು ಬ್ಯಾಡ, ಬರೇ ಬಾಣಲ್ಯಾಗ ಹುರದು ಕಡೀಕ ಹಾಕು, ಕಟುಂ ಕಟುಂ ಅಂತಾವ.

ಉಪ್ಪಿನ ವಿಷಯ ಇನ್ನೂ ಮುಖ್ಯ. ಮಂಡಕ್ಕಿ ಹುರಿಯೋಕಿಂತ ಮದ್ಲ ಅಕ್ಕಿಗೆ ಉಪ್ಪು ಹಚ್ಚಿರ್ತಾರ, ಒಂದು ಹಿಡಿ ಬಾಯಾಗ ಹಾಕ್ಕೊಂಡು ನೋಡು ಗೊತ್ತಾಗ್ತೈತಿ. ಅದರ ಮ್ಯಾಲೆ ನಾವು ಒಗ್ಗರಣಿಗೆ ಒಂದು ಚಮಚ, ಮಿರ್ಚಿ ಹಿಟ್ಟಿಗೆ ಒಂದು, ಚಟ್ನಿಪುಡ್ಯಾಗ ಬ್ಯಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದೊಡ್ಡವರಿಗೆ ದಿನಕ್ಕ 5 ಗ್ರಾಂಗಿಂತ ಕಡಿಮಿ, ಅಂದ್ರ ಇಡೀ ದಿನದ ಉಪ್ಪು ಒಂದು ಟೀ ಚಮಚದಾಗ ಮುಗೀಬೇಕು. ಮಂಡಕ್ಕಿ ನೀರಾಗ ಅದ್ದಿ ಹಿಂಡಿದಾಗ ಸ್ವಲ್ಪ ಉಪ್ಪು ಹೋಗ್ತೈತಿ, ಭಾಳ ಹೊತ್ತು ನೆನಸಬ್ಯಾಡ ಮುದ್ದಿ ಆಗ್ತೈತಿ, ಆಮ್ಯಾಲೆ ಎಲ್ಲಾ ಕಲಸಿದ ಮ್ಯಾಲೆನ ರುಚಿ ನೋಡಿ ಬೇಕಂದ್ರ ಮಾತ್ರ ಉಪ್ಪು ಹಾಕು. ನಿಂಬಿಹಣ್ಣು ಕೈ ಬಿಚ್ಚಿ ಹಿಂಡು, ಹುಳಿ ಇದ್ರ ಉಪ್ಪು ಕಡಿಮಿ ಆಗಿದ್ದು ನಾಲಿಗಿಗೆ ಗೊತ್ತಾಗಂಗಿಲ್ಲ. ಮ್ಯಾಲೆ ಪುಟಾಣಿ ಹಿಟ್ಟು ಉದುರಸ್ತೀವಲ್ಲ ಅದನ್ನ ಎರಡು ಪಟ್ಟು ಮಾಡು, ಒಂದು ಬಟ್ಲ ಮೊಳಕಿ ಹೆಸರೂ ಬೆರಸು. ಬರೇ ಮಂಡಕ್ಕಿ ಭಾಳ ಹಗರ, ಎರಡು ತಾಸಿಗೆ ಮತ್ತ ಹಸಿವಿ ಆಗ್ತೈತಿ, ಕಾಳು ಪುಟಾಣಿ ಇದ್ರ ಹೊಟ್ಟಿ ತಡಿತೈತಿ.

ಇನ್ನ ಮಿರ್ಚಿ. ಹಿಟ್ಟಿಗೆ ಸೋಡಾ ಹಾಕೋದು ಬಿಡು, ಸೋಡಾ ಹಾಕಿದ್ರ ಉಬ್ಬತಾವ ಖರೆ, ಆದ್ರ ಒಳಗ ಜಾಳಜಾಳ ಆಗಿ ಎಣ್ಣಿ ಕುಡಿತಾವ. ಅದರ ಬದ್ಲಿ ಒಂದು ಬಟ್ಲ ಕಡ್ಲಿಹಿಟ್ಟಿಗೆ ಎರಡು ಚಮಚ ಅಕ್ಕಿಹಿಟ್ಟು, ಅಜವಾನ, ಜೀರಿಗಿ ಹಾಕಿ ಗಟ್ಟಿ ಕಲಸು. ಮೆಣಸಿನಕಾಯಿ ಸೀಳಿ ಬೀಜ ತಗದು ಒಳಗ ಹುಣಸಿಹಣ್ಣು ಜೀರಿಗಿ ಅರದು ಸವರು. ಎಣ್ಣಿ ಸರಿಯಾಗಿ ಕಾಯಬೇಕು, ಒಂದು ಹನಿ ಹಿಟ್ಟು ಬಿಟ್ರ ತಳಕ್ಕ ಹೋಗಿ ತಟ್ಟನ ಮ್ಯಾಲೆ ಬರಬೇಕು, ತಳದಾಗ ಕುಂತ್ರ ಎಣ್ಣಿ ಇನ್ನೂ ಕಾದಿಲ್ಲ ಅಂತ ಅರ್ಥ, ಅಂಥಾ ಎಣ್ಣ್ಯಾಗ ಬಿಟ್ಟ ಮಿರ್ಚಿ ಹಿಂಡಿದ್ರ ಎಣ್ಣಿ ಸೋರ್ತೈತಿ. ಒಮ್ಮೆಲೆ ಹತ್ತು ತುರುಕಬ್ಯಾಡ, ಎಣ್ಣಿ ತಣ್ಣಗಾಗ್ತೈತಿ. ಸಣ್ಣ ಬಾಣಲಿ ಇಟ್ಕೋ, ಕಡಿಮಿ ಎಣ್ಣಿ ಹಿಡಿತೈತಿ, ಉಳಿಯೋದೂ ಕಡಿಮಿ. ಉಳದ ಎಣ್ಣಿ ಮತ್ತ ಕರಿಯಾಕ ಬ್ಯಾಡ. ಹೊಟೇಲಿನವ್ರಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದ್ರ ಎಫ್‌ಎಸ್‌ಎಸ್‌ಎಐ ನಿಯಮ ಐತಿ, ಕರಿಯೋ ಎಣ್ಣ್ಯಾಗ ಟೋಟಲ್ ಪೋಲಾರ್ ಕಾಂಪೌಂಡ್, ಅಂದ್ರ ಎಣ್ಣಿ ಮತ್ತ ಮತ್ತ ಕಾದಾಗ ಹುಟ್ಟೋ ಕೆಟ್ಟ ಅಂಶ, 25 ಪರ್ಸೆಂಟ್ ದಾಟಿದ್ರ ಬಳಸಂಗಿಲ್ಲ ಅಂತ. ಮನ್ಯಾಗ ಅದನ್ನ ಅಳಿಯಾಕ ಆಗಂಗಿಲ್ಲ, ನಮಗ ಕಣ್ಣ ಮೀಟರು. ಎಣ್ಣಿ ಕಪ್ಪಾತು, ಅಂಟಂಟಾತು, ನೊರಿ ಬಂತು ಅಂದ್ರ ಮುಗೀತು.

ಇದು ತಿಂಗಳಿಗೆ ಒಂದು ಐತವಾರ, ತಾಟಿಗೆ ಎರಡ ಮಿರ್ಚಿ. ಉಳದ ಐತವಾರ ಪಡ್ಡಿನ ಹಂಚಿನ್ಯಾಗ ಮಾಡು. ಅದ ಹಿಟ್ಟಿಗೆ ಮೆಣಸಿನಕಾಯಿ ಗಾಲಿ ಗಾಲಿ ಹೆಚ್ಚಿ ಹಾಕು, ಉಳ್ಳಾಗಡ್ಡಿ ಕೊತ್ತಂಬ್ರಿ ಬೆರಸು, ಹಂಚಿನ ಒಂದೊಂದು ಗುಳಿಯಾಗ ನಾಕು ಹನಿ ಎಣ್ಣಿ, ಮುಚ್ಚಿ ಸಣ್ಣ ಉರಿ ಮ್ಯಾಲೆ ಬೇಯಿಸಿ ತಿರುವಿ ಹಾಕಿ ಮುಚ್ಚಳ ತಗದು ಕೆಂಪಗ ಮಾಡು. ಕರಿದ ಮಿರ್ಚಿ ಹಂಗ ಆಗ್ತೈತಿ ಅಂತ ನಾ ಸುಳ್ಳು ಹೇಳಂಗಿಲ್ಲ, ಆಗಂಗಿಲ್ಲ. ಆದ್ರ ಆ ಖಾರ, ಆ ಕಡ್ಲಿಹಿಟ್ಟಿನ ವಾಸನಿ, ಅಜವಾನ ಎಲ್ಲಾ ಇರ್ತೈತಿ, ಬಿಸಿಬಿಸಿ ಒಗ್ಗರಣಿ ಬಾಜೂಕ ಇಟ್ರ ಬ್ಯಾಡ ಅನ್ನಂಗಿಲ್ಲ ನೋಡು. ಮತ್ತ ಗುಳಿಗಿ ಮಾತ್ರ ಡಾಕ್ಟ್ರು ಹೇಳೋತನಕ ನಿಲ್ಲಸಬ್ಯಾಡ್ರಿ, ಊಟ ಸುಧಾರಿಸಿತು ಅಂತ ತಾವ ಗುಳಿಗಿ ಬಿಟ್ಟವ್ರನ್ನ ಭಾಳ ಮಂದಿ ನೋಡೀನಿ, ಅದಕ್ಕ ಹೇಳಾಕತ್ತೀನಿ.

ಪ್ರಶ್ನೆ: ನಮಸ್ಕಾರ ರೀ. ನನ್ನ ಮಗ ನಾಕನೇ ಕ್ಲಾಸ್ ಓದ್ತಾನ. ಸಾಲಿಯಿಂದ ಬಂದ ಕೂಡ್ಲೆ ಪ್ಯಾಕೆಟ್ ನೂಡಲ್ಸ್ ಬೇಕು, ಸಂಜಿಕಿ ಗಾಡಿ ಮ್ಯಾಲಿನ ಕೆಂಪು ಗೋಬಿ ಬೇಕು ಅಂತ ಹಟ ಮಾಡ್ತಾನ. ರೊಟ್ಟಿ ಪಲ್ಯ ಮುಟ್ಟಂಗೇ ಇಲ್ಲ. ಮನಿಯಾಗ ಗೋಬಿ ಮಾಡಿದ್ರ ಕೆಂಪ ಆಗಿಲ್ಲ ಅಂತ ಒಲ್ಲೆ ಅಂತಾನ.
– ಒಬ್ಬ ತಾಯಿ, ರಾಯಚೂರು

ಉತ್ತರ: ನೂಡಲ್ಸಿಗೆ ನಿಮ್ಮ ಮನ್ಯಾಗನ ಮದ್ದು ಐತ್ರಿ. ಬ್ಯಾಸಿಗ್ಯಾಗ ಶ್ಯಾವಿಗಿ ಮಾಡ್ಸಿ ಒಣಗಿಸಿ ಡಬ್ಬಿ ತುಂಬಿರ್ತೀರಲ್ಲ, ಗೋಧಿ ಶ್ಯಾವಿಗಿ, ಅದನ್ನ ಬರೇ ಪಾಯಸಕ್ಕ, ಹಾಲು ಸಕ್ರಿ ಹಾಕ್ಕೊಂಡು ತಿನ್ನಾಕಷ್ಟ ಯಾಕ ಇಡ್ತೀರಿ? ಕುದಿಯೋ ನೀರಾಗ ಎರಡು ಮೂರು ನಿಮಿಷ ಬಿಟ್ಟು, ಜಾಳಗ್ಯಾಗ ಬಸದು, ಮ್ಯಾಲೆ ತಣ್ಣೀರು ಹಾಕ್ರಿ, ಎಳಿಎಳಿ ಬಿಡಿಯಾಗಿ ನಿಲ್ತೈತಿ. ಬಾಣಲ್ಯಾಗ ಒಂದು ಚಮಚ ಎಣ್ಣಿ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಗಜ್ಜರಿ, ದೊಣ್ಣಮೆಣಸಿನಕಾಯಿ ಉದ್ದುದ್ದ ಹೆಚ್ಚಿದ್ದು, ಜೋರು ಉರಿ ಮ್ಯಾಲೆ ತಿರುವಿ ಶ್ಯಾವಿಗಿ ಹಾಕ್ರಿ. ಮಕ್ಕಳಿಗೆ ಆ ಪ್ಯಾಕೆಟ್ ಮಸಾಲಿ ರುಚಿನ ಬೇಕು, ಅದಕ್ಕ ಧನಿಯಾ, ಜೀರಿಗಿ, ಮೆಣಸು, ಸೋಂಪು, ಒಂದೆರಡು ಬ್ಯಾಡಗಿ ಮೆಣಸಿನಕಾಯಿ ಹುರದು, ಅರಿಶಿಣ ಕೂಡಿಸಿ ಪುಡಿ ಮಾಡಿ ಸಣ್ಣ ಬಾಟ್ಲ್ಯಾಗ ಇಟ್ಟುಬಿಡ್ರಿ. ಅವಂಗ ರಸ ರಸ ಬೇಕಂದ್ರ ಅರ್ಧ ಬಟ್ಲ ಬಿಸಿನೀರು ಉಳಿಸಿ ಹಾಕ್ರಿ. ಅಂಗಡಿ ಶ್ಯಾವಿಗಿ ತರೋದಾದ್ರ ಪ್ಯಾಕೆಟ್ ಹಿಂದ ಓದ್ರಿ, ಭಾಳಷ್ಟು ಮೈದಾದ್ದು ಇರ್ತಾವ.

ಪ್ಯಾಕೆಟ್ ನೂಡಲ್ಸಿನ್ಯಾಗ ಅಜಿನೊಮೊಟೊ ಅಂತ ಎಲ್ಲಾರೂ ಹೆದರ್ತಾರ, ನನಗ ಅದಕ್ಕಿಂತ ಚಿಂತಿ ಉಪ್ಪಿನದು, ಆ ಪುಟ್ಟ ಪುಡಿ ಪಾಕೀಟಿನ್ಯಾಗ ಉಪ್ಪನ ಜಾಸ್ತಿ. ಮತ್ತ ಅಂಥಾ ನೂಡಲ್ಸ್ ಬಿಲ್ಲಿ ಸಾಮಾನ್ಯವಾಗಿ ಎಣ್ಣ್ಯಾಗ ಕರದ ಒಣಗಿಸಿರ್ತಾರ, ಅದಕ್ಕ ಎರಡು ನಿಮಿಷದಾಗ ಬೇಯ್ತಾವ. ವಾರಕ್ಕೊಮ್ಮೆ ತಿಂದ್ರ ಆಕಾಶ ಏನು ಕಳಚಿ ಬೀಳಂಗಿಲ್ಲ, ಪುಡಿ ಅರ್ಧ ಹಾಕಿ ತರಕಾರಿ ಬೆರಸ್ರಿ. ದಿನಾ ಅಂದ್ರ ಬ್ಯಾಡ.

ಕೆಂಪು ಗೋಬಿ ವಿಷಯದಾಗ ಮಾತ್ರ ನಾ ಸಡಿಲ ಬಿಡಂಗಿಲ್ಲ. 2024ರ ಮಾರ್ಚ್‌ನ್ಯಾಗ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋದು ನಿಷೇಧ ಮಾಡ್ತು. ಅದಕ್ಕೂ ಮದ್ಲ ಆಹಾರ ಸುರಕ್ಷತಾ ಇಲಾಖೆಯವ್ರು ಗೋಬಿ ಮಂಚೂರಿದ 171 ಸ್ಯಾಂಪಲ್ ಟೆಸ್ಟ್ ಮಾಡಿದ್ರ 107ರಾಗ ಕೃತಕ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯ್ಯಾಗ ಬಟ್ಟಿಗೆ ಬಣ್ಣ ಹಾಕೋ ರೋಡಮೈನ್-ಬಿ ಸಿಕ್ಕಿತ್ತು. ಅದ ವರ್ಷ ಜೂನ್‌ನ್ಯಾಗ ಕಬಾಬಿಗೂ ಬಣ್ಣ ಬ್ಯಾನ್ ಆತು. ನಿಷೇಧ ಆತು ಅಂದ್ರ ಎಲ್ಲಾ ಗಾಡ್ಯಾಗೂ ನಿಂತ್ವು ಅಂತ ನಂಬಬ್ಯಾಡ್ರಿ, ತಿಂದ ಮ್ಯಾಲೆ ಕೈ ತೊಳದ್ರೂ ಬೆಳ್ಳು ಕೆಂಪ ಉಳದ್ರ ಆ ಗಾಡಿ ಕಡೆ ಮತ್ತ ಹೋಗಬ್ಯಾಡ್ರಿ.

ಮನ್ಯಾಗ ಕೆಂಪ ಮಾಡೋದು ಹೆಂಗಂದ್ರ ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಭಾಳ, ಖಾರ ಕಡಿಮಿ. ಆರೇಳು ಕಾಯಿ ಬೀಜ ತಗದು ಬಿಸಿನೀರಾಗ ಅರ್ಧ ತಾಸು ನೆನಸಿ, ಬಳ್ಳೊಳ್ಳಿ ಕೂಡಿಸಿ ನುಣ್ಣಗ ಅರದು ಇಟ್ಕೊಳ್ರಿ, ಹಿಟ್ಟಿಗೂ ಅದನ್ನ, ಮ್ಯಾಲಿನ ಸಾಸಿಗೂ ಅದನ್ನ. ಬೀಟ್‌ರೂಟ್ ಹಾಕ್ರಿ ಅಂತ ಭಾಳ ಮಂದಿ ಹೇಳ್ತಾರ, ಆದ್ರ ಅದರ ಬಣ್ಣ ಬಿಸಿಗೆ ತಡಿಯಂಗಿಲ್ಲ, ಕರಿದ್ರ ಕಂದಗ ಆಗಿಬಿಡ್ತೈತಿ, ಹುಡುಗ ಮತ್ತ ಒಲ್ಲೆ ಅಂತಾನ. ಗೋಬಿ ಅರಿಶಿಣ ಉಪ್ಪು ಹಾಕಿದ ಬಿಸಿನೀರಾಗ ಎರಡು ನಿಮಿಷ ಇಟ್ಟು ತಗದು ಅರಿವ್ಯಾಗ ಚಂದಗೆ ಒರಸ್ರಿ, ಹಸಿ ಇದ್ರ ಗರಿಗರಿ ಆಗಂಗಿಲ್ಲ. ಮೈದಾ ಬದ್ಲಿ ಅರ್ಧ ಬಟ್ಲ ಜ್ವಾಳದ ಹಿಟ್ಟು, ಎರಡು ಚಮಚ ಕಾರ್ನ್‌ಫ್ಲೋರ್, ಮೆಣಸಿನಕಾಯಿ ಅರದಿದ್ದು, ನೀರು ಕಡಿಮಿ, ಹಿಟ್ಟು ಗೋಬಿಗೆ ತೆಳ್ಳಗ ಹತ್ತಿರಬೇಕು ಅಷ್ಟ. ಹಂಚಿನ ಮ್ಯಾಲೆ ಎರಡು ಚಮಚ ಎಣ್ಣ್ಯಾಗ ಹೊಳ್ಳಿಸಿ ಹೊಳ್ಳಿಸಿ ಬೇಯಿಸ್ರಿ. ಸಾಸಿಗೆ ಟೊಮೆಟೊ ಬೇಯಿಸಿ ಅರದು, ಬಳ್ಳೊಳ್ಳಿ, ಅದ ಬ್ಯಾಡಗಿ ಪೇಸ್ಟ್, ಒಂದು ಚೂರು ಬೆಲ್ಲ, ನಿಂಬಿ. ಸೋಯಾ ಸಾಸ್ ಒಂದ ಚಮಚ, ಅದು ಪೂರಾ ಉಪ್ಪು, ಹಾಕಿದ್ರ ಬ್ಯಾರೆ ಉಪ್ಪು ಬ್ಯಾಡ. ಮೆಣಸಿನಕಾಯಿ ಅರಿಯೋ ಮುಂದ ಹುಡುಗನ್ನ ಬಾಜೂಕ ನಿಲ್ಲಿಸ್ಕೊಳ್ರಿ, ಆ ಕೆಂಪು ಎಲ್ಲಿಂದ ಬಂತು ಅಂತ ಅವ ತಾನ ನೋಡ್ಲಿ. ತಾ ಕೈ ಹಚ್ಚಿದ್ದನ್ನ ಮಕ್ಕಳು ಸುಮ್ನ ತಿಂತಾವ.

ಪ್ರಶ್ನೆ: ಅಕ್ಕ ನಾನು ಬಳ್ಳಾರಿಲಿ ಜೀನ್ಸ್ ಯೂನಿಟ್‌ನಾಗೆ ಇಸ್ತ್ರಿ ಸೆಕ್ಷನ್ ಕೆಲ್ಸ ಮಾಡ್ತೀನಿ. ಬೇಸಿಗೆಲಿ ಒಳಗೂ ಬಿಸಿ ಹೊರಗೂ ಬಿಸಿ, ದಿನಕ್ಕೆ ಎರಡು ಕೂಲ್ ಡ್ರಿಂಕ್ ಕುಡಿದೇ ಕುಡಿತೀನಿ, ಇಲ್ಲಾಂದ್ರೆ ಆಗಲ್ಲ. ರೂಮ್ನಾಗೆ ಗ್ಯಾಸ್ ಐತೆ, ಫ್ರಿಡ್ಜ್ ಇಲ್ಲ. ಏನಾದ್ರೂ ಸುಲಭದ್ದು ಹೇಳಕ್ಕ.
– ಬಳ್ಳಾರಿಯ ಓದುಗ

ಉತ್ತರ: ತಮ್ಮಾ, ಬಳ್ಳಾರಿ ಬಿಸಲಾಗ ಇಸ್ತ್ರಿ ಮುಂದ ನಿಂದ್ರೋದು ಅಂದ್ರ ಹುಡುಗಾಟಲ್ಲ, ಬಾಯಾರಿಕಿಗೆ ಏನರ ಬೇಕಾ ಬೇಕು. ಆದ್ರ ಲೆಕ್ಕ ನೋಡು. ಕೋಲಾ ಅಂಥಾ ಡ್ರಿಂಕಿನ್ಯಾಗ 100 ಎಂಎಲ್‌ಗೆ ಹತ್ತು ಹನ್ನೊಂದು ಗ್ರಾಂ ಸಕ್ರಿ, 250 ಎಂಎಲ್ ಬಾಟ್ಲಿಗೆ 25 ಗ್ರಾಂ ದಾಟಿತು, ಎರಡು ಕುಡದ್ರ 50. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಮ್ಯಾಲೆ ಹಾಕೋ ಸಕ್ರಿ ದಿನಕ್ಕ 25 ಗ್ರಾಂ ಒಳಗ ಇದ್ರ ಚಲೋ, 50 ಅಂತೂ ದಾಟಬಾರದು ಅಂತ. ಇನ್ನ ನಿನ್ನ ಚಹಾದ ಸಕ್ರಿ ಲೆಕ್ಕಕ್ಕ ಹಿಡದಿಲ್ಲ.

ಅಂಬಲಿ ಮಾಡ್ಕೋ. ರಾತ್ರಿ ಮೂರು ಚಮಚ ಜ್ವಾಳದ ಹಿಟ್ಟು ತಣ್ಣೀರಾಗ ಗಂಟಿಲ್ಲದಂಗ ಕಲಸಿ, ಕುದಿಯೋ ಒಂದು ಚರಿಗಿ ನೀರಿಗೆ ಹಾಕಿ ಕೈಯಾಡಿಸ್ಕೋತ ಎಂಟತ್ತು ನಿಮಿಷ ಕುದಿಸು, ಹಸಿ ವಾಸನಿ ಹೋಗಬೇಕು. ಮಣ್ಣಿನ ಗಡಿಗ್ಯಾಗ ಮುಚ್ಚಿ ಇಟ್ರ ಮುಂಜಾನಿಕ್ಕ ಸ್ವಲ್ಪ ಹುಳಿ ಬಂದಿರ್ತೈತಿ. ಅದಕ್ಕ ಮಜ್ಜಿಗಿ, ಸಣ್ಣಗ ಹೆಚ್ಚಿದ ಉಳ್ಳಾಗಡ್ಡಿ, ಜೀರಿಗಿ ಪುಡಿ, ಚಿಟಿಕಿ ಉಪ್ಪು. ಬಾಟ್ಲ್ಯಾಗ ತುಂಬಿಕೊಂಡು ಕೆಲಸಕ್ಕ ಒಯ್ಯಿ, ಫ್ರಿಡ್ಜ್ ಇಲ್ಲಲ್ಲ, ಮಧ್ಯಾಹ್ನದೊಳಗ ಮುಗಿಸಿಬಿಡು, ಆ ಬಿಸಲಾಗ ಸಂಜಿತನಕ ಇಟ್ರ ಕೆಡ್ತೈತಿ. ಬಾಟ್ಲಿಗೆ ಹಸಿ ಅರಿವಿ ಸುತ್ತಿ ಗಾಳಿಗೆ ಇಡು, ತಂಪ ಇರ್ತೈತಿ. ಸಂಜಿಕ್ಕ ನಿಂಬಿ ಶರಬತ್ತು, ಗ್ಲಾಸಿಗೆ ಒಂದ ಟೀ ಚಮಚ ಸಕ್ರಿ. ಒಮ್ಮೆಲೆ ಕೂಲ್ ಡ್ರಿಂಕ್ ಬಿಟ್ರ ತಲಿ ನೋವು ಬರಬೌದು, ಕೋಲಾದಾಗ ಕೆಫೀನ್ ಇರ್ತೈತಿ, ಹಂಗಾಗಿ ಮದ್ಲ ಒಂದಕ್ಕ ಇಳಿಸು, ಆಮ್ಯಾಲೆ ವಾರಕ್ಕೊಂದು. ಬರೇ ನೀರು ಕುಡಿಯೋದಂತೂ ನಡದ ಇರ್ಲಿ.

ಪ್ರಶ್ನೆ: ನಮ್ಮವ್ವಗ ಶುಗರ್ ಅದ. ಹಬ್ಬಕ್ಕ ಸಕ್ರಿದು ಏನೂ ಮಾಡಂಗಿಲ್ಲ, ಬೆಲ್ಲದ ಶೇಂಗಾ ಹೋಳಿಗಿ ಮಾಡ್ತೀವಿ. ಬೆಲ್ಲ ಶುಗರ್ ಇದ್ದವ್ರಿಗೆ ನಡಿತದ ಅಂತ ಬಾಜು ಮನಿಯವ್ರು ಹೇಳ್ತಾರ. ಖರೆನಾ?
– ಸಿಂಧನೂರಿನಿಂದ

ಉತ್ತರ: ಖರೆ ಅಲ್ರಿ. ಬೆಲ್ಲದಾಗ ಒಂದಿಷ್ಟು ಖನಿಜ ಇರ್ತಾವ, ಆದ್ರ ಅದರ ಬಹುಪಾಲು ಸಕ್ರಿನ, ರಕ್ತದಾಗ ಶುಗರ್ ಏರಸೋದ್ರಾಗ ಎರಡಕ್ಕೂ ದೊಡ್ಡ ಫರಕಿಲ್ಲ. "ಬೆಲ್ಲದ್ದ ಐತಲ್ಲ" ಅಂತ ಎರಡು ಹೋಳಿಗಿ ಜಾಸ್ತಿ ತಿಂದುಬಿಡ್ತಾರ, ಅದ ಅಪಾಯ. ಜೇನುತುಪ್ಪ, ಖರ್ಜೂರ ಹಾಕಿದ್ರೂ ಅಷ್ಟ ಮಾತು.

ಆದ್ರ ಹಬ್ಬದ ದಿನ ಹಿರಿ ಜೀವ ತಾಟಿನ ಮುಂದ ಸುಮ್ನ ಕುಂದ್ರೋದು ನೋಡಾಕ ಆಗಂಗಿಲ್ಲ. ಹೋಳಿಗಿ ಮಾಡ್ರಿ, ಶೇಂಗಾದಷ್ಟ ಬೆಲ್ಲ ಹಾಕೋ ಕಡೆ ಅರ್ಧ ಹಾಕ್ರಿ, ಶೇಂಗಾ ಸಣ್ಣ ಉರಿ ಮ್ಯಾಲೆ ನಿಧಾನ ಹುರದು ಸಿಪ್ಪಿ ತಗದ್ರ ಅದರದ ಒಂದು ಸಿಹಿ ಇರ್ತೈತಿ, ಯಾಲಕ್ಕಿ ಸ್ವಲ್ಪ ಜಾಸ್ತಿ ಹಾಕ್ರಿ. ಹೂರಣ ಉದುರು ಆಗ್ತೈತಿ, ಲಟ್ಟಿಸೋ ಮುಂದ ಹರೀತೈತಿ, ಅದಕ್ಕ ಎರಡು ಚಮಚ ಬಿಸಿನೀರು ಚಿಮುಕಿಸಿ ಉಂಡಿ ಕಟ್ರಿ. ಅಂಗೈಯಷ್ಟ ಸಣ್ಣದು, ಅವ್ವಗ ಒಂದ. ಖಾಲಿ ಹೊಟ್ಟಿಗೆ ಬ್ಯಾಡ, ಪಲ್ಯ ಕೋಸಂಬರಿ ಉಂಡಾದ ಮ್ಯಾಲೆ ಕೊಡ್ರಿ, ಅವತ್ತು ಅನ್ನ ಅಷ್ಟರ ಮಟ್ಟಿಗೆ ಕಡಿಮಿ ಮಾಡ್ರಿ.

ಅನ್ನದ ಮಾತು ಬಂತು ಅದಕ್ಕ ಹೇಳ್ತೀನಿ. ತುಂಗಭದ್ರಾ ಎಡದಂಡಿ ಕಾಲುವಿ ನೀರು ಬಂದ ಮ್ಯಾಲೆ ನಿಮ್ಮ ಸಿಂಧನೂರು ಸೀಮಿ ಪೂರಾ ನೆಲ್ಲಿನ ಸೀಮಿ ಆತು, ಮದ್ಲ ಜ್ವಾಳದ ರೊಟ್ಟಿ ಉಣ್ಣೋ ಮನ್ಯಾಗ ಈಗ ಎರಡೂ ಹೊತ್ತು ಸೋನಾಮಸೂರಿ ಬೆಳ್ಳನ ಅನ್ನ. ವರ್ಷಕ್ಕ ನಾಕು ಹಬ್ಬದ ಹೋಳಿಗಿಗಿಂತ ದಿನಾ ಎರಡು ಹೊತ್ತಿನ ಆ ಅನ್ನದ ರಾಶಿ ನಿಮ್ಮವ್ವನ ಶುಗರಿಗೆ ಜಾಸ್ತಿ ಲೆಕ್ಕಕ್ಕ ಬರ್ತೈತಿ. ಒಂದು ಹೊತ್ತರ ಜ್ವಾಳದ ರೊಟ್ಟಿ, ಪುಂಡಿಪಲ್ಯ, ಕಾಳಿನ ಪಲ್ಯ ಮಾಡ್ರಿ. ರೊಟ್ಯಾಗೂ ಪಿಷ್ಟ ಐತಿ, ಎಣಿಸಿ ಉಣ್ಣಬೇಕು, ಆದ್ರ ನಾರು ಜಾಸ್ತಿ, ಅಗದು ತಿನ್ನಬೇಕು, ಕೈ ತಾನ ನಿಲ್ತೈತಿ. ಗುಳಿಗಿ ಅಥವಾ ಇನ್ಸುಲಿನ್ ನಡದಿದ್ರ ಊಟ ಒಮ್ಮೆಲೆ ಕಡಿಮಿ ಮಾಡಬ್ಯಾಡ್ರಿ, ಶುಗರ್ ಇಳದು ತಲಿ ಸುತ್ತು ಬರ್ತೈತಿ, ಡಾಕ್ಟರಿಗೆ ಹೇಳೇ ಬದಲಿ ಮಾಡ್ರಿ.

ಪ್ರಶ್ನೆ: ಅಕ್ಕಾರ, ಬೇಕರಿ ಬಿಸ್ಕೀಟು ಬಿಡಸಾಕಂತ ಸಜ್ಜಿ ಹಿಟ್ಟಿನ ಉಂಡಿ ಮಾಡಿದ್ರ ಕಹಿ ಬಂತು, ಮಕ್ಕಳು ಉಗುಳಿಬಿಟ್ವು.
– ಯಲಬುರ್ಗಾ

ಉತ್ತರ: ಹಿಟ್ಟು ಹಳೇದಾಗೈತಿ, ಬ್ಯಾರೆ ಏನಿಲ್ಲ. ಸಜ್ಜ್ಯಾಗ ಎಣ್ಣಿ ಅಂಶ ಜ್ವಾಳಕ್ಕಿಂತ ಜಾಸ್ತಿ, ಬೀಸಿದ ಮ್ಯಾಲೆ ಅದು ಲಗೂನ ಕೆಟ್ಟು ಕಹಿ ಆಗ್ತೈತಿ. ಜ್ವಾಳದ ಹಿಟ್ಟಿನಂಗ ತಿಂಗಳಿಗಾಗೋವಷ್ಟು ಬೀಸಿ ಇಡಾಕ ಬರಂಗಿಲ್ಲ, ಗಿರಣಿಗೆ ನಾಕೈದು ದಿನಕ್ಕ ಆಗೋವಷ್ಟ ಒಯ್ಯಿರಿ. ಉಂಡಿಗೆ ಅದ ದಿನ ಬೀಸಿದ ಹಿಟ್ಟು ಘಮ್ ಅನ್ನೋತನಕ ಹುರಿರಿ, ಎರಡು ಪಾಲು ಹಿಟ್ಟಿಗೆ ಒಂದು ಪಾಲು ಹುರದ ಶೇಂಗಾ ಪುಡಿ, ಅರ್ಧ ಪಾಲು ಎಳ್ಳು, ಬೆಲ್ಲ ಮುಕ್ಕಾಲು ಪಾಲು ಸಾಕು, ಕಟ್ಟಾಕ ಎರಡು ಚಮಚ ತುಪ್ಪ. ಲಿಂಬಿಹಣ್ಣಿನಷ್ಟು ಸಣ್ಣು ಕಟ್ರಿ. ವಾರದೊಳಗ ತಿಂದು ಮುಗಸ್ರಿ.

ಪ್ರಶ್ನೆ: ಏರ್ ಫ್ರೈಯರ್ ತಗೊಂಡ್ರ ಈ ಎಣ್ಣಿ ತ್ರಾಸು ತಪ್ತದೇನ್ರಿ?
– ಮಾನ್ವಿ

ಉತ್ತರ: ಮಿರ್ಚಿ ಸಲುವಾಗಿ ತಗೋತಿದ್ರ ಬ್ಯಾಡ್ರಿ. ಹಸಿ ಹಿಟ್ಟಿನ್ಯಾಗ ಅದ್ದಿದ ಮೆಣಸಿನಕಾಯಿ ಅದರಾಗ ಇಟ್ರ ಹಿಟ್ಟು ಗಟ್ಟಿ ಆಗೋಕಿಂತ ಮದ್ಲ ಜಾಲರಿಯಿಂದ ಕೆಳಗ ಸೋರ್ತೈತಿ. ಶೇಂಗಾ ಹುರಿಯಾಕ, ಹಪ್ಪಳ ಸುಡಾಕ, ಬಟಾಟಿ ಹೋಳು ಗರಿಗರಿ ಮಾಡಾಕ ಚಲೋ ಐತಿ, ಆದ್ರ ಅವನ್ನೆಲ್ಲಾ ಹಂಚಿನ ಮ್ಯಾಲೂ ಮಾಡಬೌದು. ಆ ರೊಕ್ಕದಾಗ ದಪ್ಪ ತಳದ ಬೀಡಿನ ಪಡ್ಡಿನ ಹಂಚು ಒಂದು ತಗೊಳ್ರಿ, ಮದ್ಲ ಸಲ ಎಣ್ಣಿ ಸವರಿ ಚಂದಗೆ ಕಾಯಿಸಿ, ಅರ್ಧ ಉಳ್ಳಾಗಡ್ಡಿಲೆ ಗುಳಿ ಗುಳಿ ತಿಕ್ಕಿ ಹದ ಮಾಡ್ಕೊಳ್ರಿ, ಆಮ್ಯಾಲೆ ನಾಕು ಹನಿ ಎಣ್ಣಿಗೇ ಪಡ್ಡು ಎದ್ದು ಬರ್ತಾವ.